ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ?

(ಮೈಸೂರಿನ ಬಡಾವಣೆಯೊಂದರ ಹಿರಿಯ ನಾಗರಿಕರ ಬಳಗದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಸಹಜವಾಗಿ ಬಂದಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೊನೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಸಂದರ್ಭದಲ್ಲಿಯೇ ಸೇರಿಸಿದ್ದೇನೆ.)

ಕನ್ನಡದ ಗಾದೆಗಳಲ್ಲಿ ಜಿಡ್ಡು ಭಾಗ್ಯದ ಗುರುತು. ರೊಟ್ಟಿ ಜಾರಿ ತುಪ್ಪದಲ್ಲಿ ಬಿದ್ದರೆ ಅದು ಅದೃಷ್ಟ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವನು ದಡ್ಡ. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನು ಅವನಿಗಿಂತಲೂ ದಡ್ಡ. ಈ ಮಾತುಗಳನ್ನು ಕಟ್ಟಿದವರ ಮನೆಗಳಲ್ಲಿ ಎಣ್ಣೆ ಗಾಣದಿಂದ ಚಟಾಕು, ಪಾವಿನ ಲೆಕ್ಕದಲ್ಲಿ ಬರುತ್ತಿತ್ತು, ತುಪ್ಪವನ್ನು ಮಿಳ್ಳೆಯ ತುದಿಯಿಂದ ತೊಟ್ಟಿಕ್ಕಿಸುತ್ತಿದ್ದರು, ಕರಿದ ತಿಂಡಿ ಹಬ್ಬಕ್ಕೋ ಮದುವೆಗೋ ಮಾತ್ರ ಮೀಸಲಾಗಿತ್ತು. ಹಾಗೆ ಅಪರೂಪವಾಗಿದ್ದ ವಸ್ತುವನ್ನು ಹೆಚ್ಚು ಬಯಸುವುದರಲ್ಲಿ ತಪ್ಪೇನೂ ಇರಲಿಲ್ಲ.

ಇಂದಿನ ಸ್ಥಿತಿ ಬೇರೆ. ನೀತಿ ಆಯೋಗ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದಲ್ಲಿ ತಲೆಗೊಂದಕ್ಕೆ ವರ್ಷಕ್ಕೆ ಸುಮಾರು 19.7 ಕಿಲೋ ಖಾದ್ಯ ತೈಲ ಖರ್ಚಾಗುತ್ತಿದೆ. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 54 ಗ್ರಾಂ ಬರುತ್ತದೆ. ಹೋಟೆಲು, ಬೇಕರಿ, ಕಾರ್ಖಾನೆಗಳಿಗೆ ಹೋಗುವುದೂ ಕರಿದ ಮೇಲೆ ಚೆಲ್ಲುವುದೂ ಇದರಲ್ಲಿ ಸೇರಿರುವುದರಿಂದ ಅಷ್ಟೂ ನಮ್ಮ ಹೊಟ್ಟೆಗೇ ಇಳಿಯುತ್ತದೆಂದು ಹೇಳಲಾಗದು. ಆದರೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ ವರ್ಷ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದೂಟಕ್ಕೆ ಸೂಚಿಸಿರುವ ಎಣ್ಣೆ ಮತ್ತು ತುಪ್ಪದ ಒಟ್ಟು ಪ್ರಮಾಣ 27 ಗ್ರಾಂ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಂದು ಇನ್ನೊಂದರ ಎರಡರಷ್ಟಿದೆ. 2025ರ ಫೆಬ್ರವರಿಯಲ್ಲಿ ಪ್ರಧಾನಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ ಎಣ್ಣೆಯನ್ನು ಶೇಕಡ 10ರಷ್ಟು ಕಡಿಮೆ ಮಾಡಿ ಎಂದು ಕೇಳಿಕೊಂಡದ್ದಕ್ಕೆ ಹಿನ್ನೆಲೆ ಇದೇ.

ಆದರೆ ಉಪನ್ಯಾಸ ಶುರುವಾಗುವ ಮುನ್ನವೇ ಸಭಾಂಗಣದ ಬಾಗಿಲಲ್ಲಿ ಒಬ್ಬ ಹಿರಿಯ ಗೃಹಿಣಿ ನನ್ನನ್ನು ತಡೆದು ಕೇಳಿದ ಪ್ರಶ್ನೆ ಈ ಲೆಕ್ಕಕ್ಕೆ ಸುಲಭವಾಗಿ ಸಿಗುವಂಥದ್ದಲ್ಲ. "ನಮ್ಮ ಮನೇಲಿ ಎಣ್ಣೆ, ತುಪ್ಪ ಎರಡೂ ಬಿಟ್ಟು ಎರಡು ವರ್ಷ ಆಯ್ತು. ಒಗ್ಗರಣೆಗೆ ಸಾಸಿವೆ ಸಿಡಿಯುವಷ್ಟು ಹಾಕಿದರೆ ಹೆಚ್ಚು. ಆದರೂ ಇವರ ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ ಇಳಿದೇ ಇಲ್ಲವಲ್ಲ?" (ಟ್ರೈಗ್ಲಿಸರೈಡ್ ಎಂದರೆ ರಕ್ತದಲ್ಲಿ ಓಡಾಡುವ ಒಂದು ಬಗೆಯ ಕೊಬ್ಬು.) ಅವರ ಪ್ರಶ್ನೆಗೆ ನೇರವಾಗಿ ಉತ್ತರಿಸುವುದಕ್ಕಾಗಿಯೇ ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಭಾಷಣದ ಕ್ರಮವನ್ನು ಬದಲಿಸಬೇಕಾಯಿತು.

ಮೊದಲು ಒಂದು ಪದದ ವಿಚಾರ. ಕನ್ನಡದಲ್ಲಿ 'ಕೊಬ್ಬು' ಎಂದರೆ ಮೈಯಲ್ಲಿ ಕೂಡಿದ ಮೇದಸ್ಸೂ ಹೌದು, ನಡತೆಯಲ್ಲಿ ಕಾಣುವ ಸೊಕ್ಕೂ ಹೌದು. ಆದ್ದರಿಂದ ತಟ್ಟೆಯಲ್ಲಿರುವ ಎಣ್ಣೆಗೂ ಅದೇ ಪದವನ್ನು ಬಳಸಿದೊಡನೆ ಅದರ ಮೇಲೆ ಅರ್ಧ ತೀರ್ಪು ಕೊಟ್ಟಂತಾಗುತ್ತದೆ. ನಮ್ಮ ಹಿಂದಿನವರು ಊಟದಲ್ಲಿರುವುದನ್ನು ಜಿಡ್ಡು ಎಂದರು, ಮಾಂಸದಲ್ಲಿರುವುದನ್ನು ನೆಣ ಎಂದರು. ತಿಂದ ಜಿಡ್ಡು ಹಾಗೆಯೇ ಹೋಗಿ ಸೊಂಟದ ಸುತ್ತ ಕೂರುತ್ತದೆ ಎಂಬ ತಪ್ಪು ತಿಳಿವಳಿಕೆಗೆ ಎರಡಕ್ಕೂ ಒಂದೇ ಹೆಸರಿಟ್ಟಿರುವುದೂ ಒಂದು ಕಾರಣವಿರಬಹುದೆಂದು ನನಗೆ ಅನೇಕ ಸಲ ಅನಿಸಿದೆ.

ಜಿಡ್ಡೇ ಇಲ್ಲದ ಆಹಾರದಿಂದ ಏನಾಗುತ್ತದೆ ಎಂಬುದನ್ನು 1929ರಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ತೋರಿಸಿದರು. ಉಳಿದೆಲ್ಲ ಪೋಷಕಾಂಶಗಳನ್ನು ಕೊಟ್ಟು ಕೊಬ್ಬನ್ನು ಮಾತ್ರ ಪೂರ್ತಿ ತೆಗೆದ ಆಹಾರ ತಿಂದ ಇಲಿಗಳ ಚರ್ಮ ಹೊಪ್ಪಳೆ ಎದ್ದಿತು, ಬೆಳವಣಿಗೆ ನಿಂತಿತು, ಕೊನೆಗೆ ಅವು ಸತ್ತವು. ಲಿನೋಲಿಯಿಕ್ ಆಮ್ಲ ಎಂಬ ಘಟಕವಿರುವ ಕೊಬ್ಬನ್ನು ಸ್ವಲ್ಪ ಕೊಟ್ಟಾಗ ಅವು ಚೇತರಿಸಿಕೊಂಡವು. ದೇಹ ತಾನೇ ತಯಾರಿಸಿಕೊಳ್ಳಲಾರದ ಎರಡು ಕೊಬ್ಬಿನಾಮ್ಲಗಳಿವೆ ಎಂಬ ತಿಳಿವು ಬೆಳೆದದ್ದು ಆ ಕೆಲಸದಿಂದ. ಒಮೆಗಾ-6 ಗುಂಪಿನ ಲಿನೋಲಿಯಿಕ್ ಆಮ್ಲ ಒಂದು, ಒಮೆಗಾ-3 ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲ ಇನ್ನೊಂದು. ಪ್ರತಿ ಜೀವಕೋಶದ ಪೊರೆಗೂ ಕೊಬ್ಬು ಬೇಕು. ಎ, ಡಿ, ಇ, ಕೆ ವಿಟಮಿನ್‌ಗಳು ಕರಗುವುದು ಕೊಬ್ಬಿನಲ್ಲಿ. ನುಗ್ಗೆ ಸೊಪ್ಪಿನಲ್ಲಿಯೂ ಕ್ಯಾರೆಟ್ಟಿನಲ್ಲಿಯೂ ಇರುವ, ದೇಹ ಎ ವಿಟಮಿನ್ ಆಗಿ ಮಾರ್ಪಡಿಸಿಕೊಳ್ಳುವ ಕೆರೋಟಿನ್ ಅಂಶ ಕರುಳಿನ ಗೋಡೆಯನ್ನು ದಾಟಬೇಕಾದರೆ ಅದೇ ಊಟದಲ್ಲಿ ಒಂದಿಷ್ಟು ಜಿಡ್ಡು ಇರಬೇಕು, ಮೂರರಿಂದ ಐದು ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ. ಸೊಪ್ಪಿನ ಪಲ್ಯಕ್ಕೆ ಒಗ್ಗರಣೆ ಕೊಡುವುದು ಬರೀ ಘಮಕ್ಕಲ್ಲ. ಎಣ್ಣೆ ಮುಟ್ಟದೆ ಬೇಯಿಸಿದ ಸೊಪ್ಪನ್ನು ಶ್ರದ್ಧೆಯಿಂದ ತಿನ್ನುವವರು ಅದರ ಸತ್ವದ ಒಂದು ಪಾಲನ್ನು ತಾವೇ ಬಿಟ್ಟುಕೊಡುತ್ತಿರುತ್ತಾರೆ.

ಹಾಗಾದರೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ 2008ರಲ್ಲಿ ಜಿನೀವಾದಲ್ಲಿ ಕರೆದ ತಜ್ಞರ ಸಭೆ, ವಯಸ್ಕರಿಗೆ ಒಟ್ಟು ಶಕ್ತಿಯ ಶೇಕಡ 15ಕ್ಕಿಂತ ಕಡಿಮೆ ಪಾಲು ಕೊಬ್ಬಿನಿಂದ ಬರಬಾರದು, ಹೆರುವ ವಯಸ್ಸಿನ ಹೆಂಗಸರಿಗೆ ಶೇಕಡ 20ಕ್ಕಿಂತ ಕಡಿಮೆಯಾಗಬಾರದು ಎಂದಿತು. ಮೇಲಿನ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2023ರ ಜುಲೈನಲ್ಲಿ ಮತ್ತೆ ಹೇಳಿತು: ಒಟ್ಟು ಕೊಬ್ಬು ಶೇಕಡ 30ರ ಒಳಗೆ, ಅದರಲ್ಲಿ ತುಪ್ಪ, ತೆಂಗಿನೆಣ್ಣೆಗಳಲ್ಲಿ ಹೆಚ್ಚಾಗಿರುವ, ಪಠ್ಯಪುಸ್ತಕಗಳು ಪರ್ಯಾಪ್ತ ಎಂದೂ ಪೊಟ್ಟಣಗಳು ಸ್ಯಾಚುರೇಟೆಡ್ ಎಂದೂ ಕರೆಯುವ ಕೊಬ್ಬು ಶೇಕಡ 10ರ ಒಳಗೆ, ವನಸ್ಪತಿಯಂಥವುಗಳಲ್ಲಿರುವ ಟ್ರಾನ್ಸ್ ಕೊಬ್ಬು ಶೇಕಡ 1ರ ಒಳಗೆ.

ಶೇಕಡಾವಾರು ಲೆಕ್ಕ ಅಡುಗೆಮನೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ಗ್ರಾಮಿಗೆ ಇಳಿಸೋಣ. ಒಂದು ಗ್ರಾಂ ಕೊಬ್ಬು 9 ಕ್ಯಾಲೊರಿ ಕೊಡುತ್ತದೆ, ಪಿಷ್ಟವೂ ಪ್ರೋಟೀನೂ 4 ಕೊಡುತ್ತವೆ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಶೇಕಡ 30 ಎಂದರೆ 600 ಕ್ಯಾಲೊರಿ, ಅಂದರೆ ಸುಮಾರು 67 ಗ್ರಾಂ. ಕೆಳಗಿನ ಮಿತಿಯಾದ ಶೇಕಡ 15 ಎಂದರೆ 33 ಗ್ರಾಂ. ಪರ್ಯಾಪ್ತ ಕೊಬ್ಬಿನ ಮಿತಿ 22 ಗ್ರಾಂ. ಈ 67 ಗ್ರಾಂ ಕೇಳಿ ಸಭೆಯಲ್ಲಿ ಕೆಲವರ ಮುಖ ಅರಳಿದ್ದನ್ನು ಗಮನಿಸಿದೆ. 67 ಗ್ರಾಂ ಎಣ್ಣೆಯಲ್ಲಿ ದಿನವೂ ಬಜ್ಜಿ ಮಾಡಬಹುದಲ್ಲ! ಆದರೆ ಆ ಮಿತಿ ಬಾಟಲಿಯಿಂದ ಸುರಿಯುವ ಎಣ್ಣೆಗೆ ಮಾತ್ರವಲ್ಲ, ಇಡೀ ದಿನದ ಊಟಕ್ಕೆ ಸೇರಿದ್ದು. ಕಣ್ಣಿಗೆ ಕಾಣದ ಜಿಡ್ಡು ಎಲ್ಲ ಕಡೆಯೂ ಇದೆ. ಅಕ್ಕಿ, ರಾಗಿ, ಗೋಧಿ, ಬೇಳೆಗಳಲ್ಲಿ ನೂರಕ್ಕೆ ಒಂದೆರಡು ಗ್ರಾಂ ಇದ್ದೇ ಇರುತ್ತದೆ. ದಿನದ ಒಟ್ಟು ಧಾನ್ಯ, ಬೇಳೆಗಳಿಂದ ಐದಾರು ಗ್ರಾಂ ಸೇರುತ್ತದೆ. ಟೋನ್ಡ್ ಹಾಲಿನಲ್ಲಿ ಶೇಕಡ 3ರಷ್ಟು ಜಿಡ್ಡು ಇರುವುದರಿಂದ ಕಾಫಿ, ಮೊಸರು, ಮಜ್ಜಿಗೆಗಳಿಗೆ 300 ಮಿಲಿ ಲೀಟರ್ ಬಳಸಿದರೆ 9 ಗ್ರಾಂ. ಪೂರ್ಣ ಕೆನೆಯ ಹಾಲಾದರೆ ಅದೇ 18 ಗ್ರಾಂ. ಪೋಷಣಾ ಸಂಸ್ಥೆ ಸೂಚಿಸುವ 35 ಗ್ರಾಂ ಬೀಜಗಳಲ್ಲಿ, ಅವು ಕಡಲೆಕಾಯಿ, ಎಳ್ಳು, ಬಾದಾಮಿ ಯಾವುದೇ ಇರಲಿ, 16 ಗ್ರಾಮಿನಷ್ಟು. ಇವುಗಳಿಗೆ 27 ಗ್ರಾಂ ಎಣ್ಣೆ, ತುಪ್ಪ ಕೂಡಿಸಿದರೆ 58 ಗ್ರಾಂ, ಅಂದರೆ ಸುಮಾರು ಶೇಕಡ 26. ಮಾಂಸಾಹಾರಿಗಳ ತಟ್ಟೆಯಲ್ಲಿ ಮೊಟ್ಟೆ, ಮಾಂಸದ ಲೆಕ್ಕ ಬೇರೆ. ಸಂಜೆ ಕಾಫಿಯ ಜೊತೆ ಒಂದು ಹಿಡಿ ಖಾರಾ ಮಿಕ್ಸ್ಚರ್ ತೆಗೆದುಕೊಂಡರೆ ಮಿತಿ ತಲುಪುತ್ತದೆ.

ಈ ಶೇಕಡ 30 ಎಲ್ಲಿಂದ ಬಂತು ಎಂಬ ಕಥೆ ದೊಡ್ಡದು, ಆದರೆ ಗೃಹಿಣಿಯ ಪ್ರಶ್ನೆಗೆ ಉತ್ತರವೂ ಅದರೊಳಗೇ ಇರುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ. ಅದೇ ಮಿನೆಸೋಟದಲ್ಲಿದ್ದ ಆನ್ಸೆಲ್ ಕೀಸ್ ಎಂಬ ಶರೀರಕ್ರಿಯಾ ವಿಜ್ಞಾನಿ 1958ರಲ್ಲಿ ಅಮೆರಿಕ, ಫಿನ್ಲೆಂಡ್, ನೆದರ್ಲೆಂಡ್ಸ್, ಇಟಲಿ, ಯುಗೊಸ್ಲಾವಿಯ, ಗ್ರೀಸ್, ಜಪಾನ್ ದೇಶಗಳ ಸುಮಾರು 12,700 ನಡುವಯಸ್ಸಿನ ಗಂಡಸರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವನ್ನು ಆರಂಭಿಸಿದರು. ಬೆಣ್ಣೆ, ಕೆನೆ ಹಾಲು ಧಾರಾಳವಾಗಿದ್ದ ಪೂರ್ವ ಫಿನ್ಲೆಂಡಿನಲ್ಲಿ ಹೃದಯಾಘಾತ ಅತಿ ಹೆಚ್ಚು. ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಅತಿ ಕಡಿಮೆ. ಆದರೆ ಕ್ರೀಟಿನವರೇನೂ ಜಿಡ್ಡು ಬಿಟ್ಟವರಲ್ಲ. ಆಲಿವ್ ಎಣ್ಣೆಯ ದೆಸೆಯಿಂದ ಅವರ ಶಕ್ತಿಯ ಶೇಕಡ 40ರ ಹತ್ತಿರ ಕೊಬ್ಬಿನಿಂದಲೇ ಬರುತ್ತಿತ್ತು. ಕೀಸ್ ಅವರ ಅಧ್ಯಯನಕ್ಕೆ ಕೊರತೆಗಳಿದ್ದವೆಂದು ಮುಂದೆ ಸಾಕಷ್ಟು ಟೀಕೆ ಬಂದಿದೆ, ಅದರಲ್ಲಿ ಕೆಲವು ನ್ಯಾಯವಾದವು. ಆದರೆ ಎಷ್ಟು ಎಂಬುದಕ್ಕಿಂತ ಯಾವುದು ಎಂಬುದು ಮುಖ್ಯ ಎನ್ನುವ ಸುಳಿವು ಆ ಅಧ್ಯಯನದಲ್ಲಿಯೇ ಇತ್ತು ಎಂಬುದನ್ನು ಟೀಕಾಕಾರರೂ ಅನುಯಾಯಿಗಳೂ ಸಮನಾಗಿ ಮರೆತರು ಎಂಬುದು ನನ್ನ ಅಭಿಪ್ರಾಯ.

ಫಿನ್ಲೆಂಡಿನವರು ಆ ಸುಳಿವನ್ನು ಹಿಡಿದರು. 1972ರಲ್ಲಿ ಉತ್ತರ ಕರೇಲಿಯ ಪ್ರಾಂತದಲ್ಲಿ ಪೆಕ್ಕಾ ಪುಸ್ಕಾ ಎಂಬ ತರುಣ ವೈದ್ಯರ ಮುಂದಾಳತ್ವದಲ್ಲಿ ಹೊಗೆಸೊಪ್ಪು, ಉಪ್ಪು, ಬೆಣ್ಣೆಗಳ ವಿರುದ್ಧ ಊರೂರಿಗೆ ಹೋಗಿ ಪ್ರಚಾರ ಮಾಡಿದರು. ಬ್ರೆಡ್ಡಿಗೆ ಹಚ್ಚುವ ಬೆಣ್ಣೆಯ ಜಾಗಕ್ಕೆ ಸಸ್ಯಜನ್ಯ ಎಣ್ಣೆ ಬಂತು, ತರಕಾರಿ ಹೆಚ್ಚಿತು. ನಲವತ್ತು ವರ್ಷಗಳಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇಕಡ 80ಕ್ಕೂ ಹೆಚ್ಚು ಇಳಿಯಿತು. ಎಲ್ಲ ಶ್ರೇಯಸ್ಸೂ ಬೆಣ್ಣೆ ಬಿಟ್ಟದ್ದಕ್ಕೇ ಸಲ್ಲುವುದಿಲ್ಲ, ಬೀಡಿ ಸಿಗರೇಟು ಬಿಟ್ಟದ್ದಕ್ಕೂ ರಕ್ತದೊತ್ತಡ ಹಿಡಿತಕ್ಕೆ ತಂದದ್ದಕ್ಕೂ ಸಲ್ಲುತ್ತದೆ.

ಅಮೆರಿಕ ಬೇರೆ ದಾರಿ ಹಿಡಿಯಿತು. 1977ರಲ್ಲಿ ಅಲ್ಲಿನ ಸೆನೆಟ್ ಸಮಿತಿಯೊಂದು ಒಟ್ಟು ಕೊಬ್ಬನ್ನು ಶೇಕಡ 30ಕ್ಕೆ ಇಳಿಸುವ ಗುರಿಯನ್ನು ಪ್ರಕಟಿಸಿತು. ಸಲಹೆಯ ಉಳಿದ ಭಾಗದಲ್ಲಿ ಇಡೀ ಧಾನ್ಯ, ಹಣ್ಣು, ತರಕಾರಿ ಹೆಚ್ಚಿಸಿ ಎಂದಿತ್ತು. ಆದರೆ ಅಂಗಡಿಯ ಕಪಾಟಿಗೆ ಬಂದದ್ದು 'ಕೊಬ್ಬುರಹಿತ' ಬಿಸ್ಕತ್ತು, 'ಕಡಿಮೆ ಕೊಬ್ಬಿನ' ಸಿಹಿ ಮೊಸರು. ತೆಗೆದ ಕೊಬ್ಬಿನ ಜಾಗಕ್ಕೆ ಸಕ್ಕರೆಯೂ ಮೈದಾವೂ ಬಂದು ಕೂತವು. 2006ರಲ್ಲಿ 48,835 ಮಹಿಳೆಯರ ಮೇಲೆ ಎಂಟು ವರ್ಷ ನಡೆದ ಬೃಹತ್ ಪ್ರಯೋಗದ ಫಲಿತಾಂಶ ಹೊರಬಂದಾಗ, ಕೊಬ್ಬು ಕಡಿಮೆ ಮಾಡಿದ ಗುಂಪಿನಲ್ಲಿ ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಗಣನೀಯವಾಗಿ ಇಳಿದಿರಲಿಲ್ಲ. ಇದರ ಎದುರಿಗೆ ಸ್ಪೇನಿನಲ್ಲಿ ಸುಮಾರು 7,400 ಜನರ ಮೇಲೆ ನಡೆದ ಪ್ರೆಡಿಮೆಡ್ ಪ್ರಯೋಗವನ್ನು ಇಡಬಹುದು. ಅಲ್ಲಿ ಒಂದು ಗುಂಪಿಗೆ ಆಲಿವ್ ಎಣ್ಣೆಯನ್ನೂ ಇನ್ನೊಂದಕ್ಕೆ ದಿನಕ್ಕೆ 30 ಗ್ರಾಂ ಬೀಜಗಳನ್ನೂ ಕೊಟ್ಟು, ಮೂರನೆಯ ಗುಂಪಿಗೆ ಕೊಬ್ಬು ಕಡಿಮೆ ಮಾಡಿ ಎಂಬ ಸಲಹೆ ಮಾತ್ರ ಕೊಡಲಾಯಿತು. ಎಣ್ಣೆ, ಬೀಜ ತಿಂದ ಗುಂಪುಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಸುಮಾರು ಶೇಕಡ 30ರಷ್ಟು ಕಡಿಮೆಯಾದವು. 2013ರ ಆ ಪ್ರಬಂಧದಲ್ಲಿ ಗುಂಪು ಹಂಚಿಕೆಯ ಲೋಪಗಳು ಪತ್ತೆಯಾಗಿ ಅದನ್ನು ಹಿಂತೆಗೆದುಕೊಂಡು 2018ರಲ್ಲಿ ಮರುವಿಶ್ಲೇಷಣೆಯೊಡನೆ ಮತ್ತೆ ಪ್ರಕಟಿಸಿದರು. ಒಟ್ಟು ಫಲಿತಾಂಶ ಹೆಚ್ಚು ಕಡಿಮೆ ಅದೇ ಉಳಿಯಿತು.

ಈಗ ಬಾಗಿಲಲ್ಲಿ ನಿಂತಿದ್ದ ಪ್ರಶ್ನೆಗೆ ಬರೋಣ. ಎಣ್ಣೆ, ತುಪ್ಪ ಬಿಟ್ಟ ಮೇಲೆ ಊಟದಲ್ಲಿ ಏನು ಹೆಚ್ಚಾಯಿತು ಎಂದು ನಾನು ಅವರನ್ನು ಕೇಳಿದೆ. ಬೆಳಿಗ್ಗೆ ದೋಸೆಯ ಬದಲು ಇಡ್ಲಿ, ಅದು ನಾಲ್ಕು. ಮಧ್ಯಾಹ್ನ ಸಾರು ಅನ್ನ, ಮಜ್ಜಿಗೆ ಅನ್ನ. ಸಂಜೆ 'ಎಣ್ಣೆಯಿಲ್ಲದ' ಮಂಡಕ್ಕಿ, ಎರಡು ರಸ್ಕು. ರಾತ್ರಿ ಮತ್ತೆ ಅನ್ನ. ಹೊಟ್ಟೆ ತುಂಬಿದ ಹಾಗಾಗುವುದಿಲ್ಲವೆಂದು ಮಲಗುವ ಮುಂಚೆ ಬಾಳೆಹಣ್ಣು, ಬೆಲ್ಲ ಹಾಕಿದ ಹಾಲು. ಟ್ರೈಗ್ಲಿಸರೈಡ್ ಎನ್ನುವುದು ರಕ್ತದಲ್ಲಿ ಓಡಾಡುವ ಕೊಬ್ಬು ನಿಜ, ಆದರೆ ಅದು ತಿಂದ ಕೊಬ್ಬಿನಿಂದ ಮಾತ್ರ ಆಗುವುದಿಲ್ಲ. ಖರ್ಚಾಗದೆ ಉಳಿದ ಪಿಷ್ಟವನ್ನೂ ಸಕ್ಕರೆಯನ್ನೂ ಯಕೃತ್ತು ಕೊಬ್ಬನ್ನಾಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಹೊಟ್ಟೆಯ ಸುತ್ತ ಬೊಜ್ಜಿರುವ, ನಡಿಗೆ ಕಡಿಮೆಯಿರುವ ಮಧ್ಯವಯಸ್ಸು ದಾಟಿದವರಲ್ಲಿ ಈ ಕೆಲಸ ಇನ್ನೂ ಜೋರಾಗಿ ನಡೆಯುತ್ತದೆ. ಟ್ರೈಗ್ಲಿಸರೈಡ್ ಹೆಚ್ಚು, ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಕಡಿಮೆ ಎಂಬ ಜೋಡಿ ಭಾರತೀಯರಲ್ಲಿ ಬಹಳ ಸಾಮಾನ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ ಕಂಡುಕೊಂಡಂತೆ ನಮ್ಮ ದಿನದ ಶಕ್ತಿಯ ಶೇಕಡ 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತಿದೆ, ಅದರಲ್ಲಿಯೂ ಪಾಲಿಶ್ ಮಾಡಿದ ಅಕ್ಕಿ, ಹಿಟ್ಟು, ಸಕ್ಕರೆಗಳ ಪಾಲು ದೊಡ್ಡದು. ಇಂಥ ತಟ್ಟೆಯಿಂದ ಎಣ್ಣೆಯನ್ನು ತೆಗೆದು ಅನ್ನವನ್ನು ಸೇರಿಸಿದರೆ ಟ್ರೈಗ್ಲಿಸರೈಡ್ ಇಳಿಯಲು ಕಾರಣವೇ ಇಲ್ಲ. ಅವರ ಯಜಮಾನರಿಗೆ ನಾನು ಹೇಳಿದ್ದು ಇಷ್ಟೆ: ವೈದ್ಯರು ಕೊಟ್ಟ ಮಾತ್ರೆ ಬಿಡಬೇಡಿ, ಇಡ್ಲಿ ಎರಡಕ್ಕೆ ಇಳಿಸಿ, ರಸ್ಕಿನ ಜಾಗಕ್ಕೆ ಒಂದು ಹಿಡಿ ಬೇಯಿಸಿದ ಕಡಲೆಕಾಯಿ ಬರಲಿ, ರಾತ್ರಿ ಅನ್ನದ ಅರ್ಧಕ್ಕೆ ಹೆಸರುಕಾಳಿನ ಪಲ್ಯ ಬರಲಿ, ಪಲ್ಯಕ್ಕೆ ಒಂದು ಚಮಚ ಎಣ್ಣೆ ಹಾಕುವುದಕ್ಕೆ ಹೆದರಬೇಡಿ. ಟ್ರೈಗ್ಲಿಸರೈಡ್ ವಿಪರೀತ ಏರಿ ಮೇದೋಜೀರಕ ಗ್ರಂಥಿಗೆ ಅಪಾಯವಿರುವವರ ವಿಷಯ ಬೇರೆ. ಅವರಿಗೆ ಕೊಬ್ಬನ್ನು ಕಟ್ಟುನಿಟ್ಟಾಗಿ ಇಳಿಸಬೇಕಾಗುತ್ತದೆ, ಅದು ವೈದ್ಯರ ಕೈಯಲ್ಲಿರಬೇಕಾದ ತೀರ್ಮಾನ.

ಜಿಡ್ಡಿನ ಜಾತಿಗಳ ವಿಚಾರದಲ್ಲಿ ಕರ್ನಾಟಕ ಒಂದು ಸಣ್ಣ ಭೂಪಟವೇ ಸರಿ. ಕರಾವಳಿಗೆ ತೆಂಗಿನೆಣ್ಣೆ, ಹಳೇ ಮೈಸೂರಿಗೆ ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ, ಉತ್ತರದ ಬಯಲಿಗೆ ಶೇಂಗಾ ಮತ್ತು ಕುಸುಬೆ. ಸೂರ್ಯಕಾಂತಿ ಬಂದದ್ದು ತೀರ ಈಚೆಗೆ, ಬಂದು ಎಲ್ಲವನ್ನೂ ಬದಿಗೆ ಸರಿಸಿತು. ತಾಳೆಯೆಣ್ಣೆಯಿಂದ ತೆಗೆಯುವ ಪಾಮೋಲಿನ್ ಎಣ್ಣೆಯನ್ನು ನಾವು ಕೊಂಡೆವೆಂದು ನಮಗೇ ಗೊತ್ತಿರುವುದಿಲ್ಲ, ಬಿಸ್ಕತ್ತು, ಚಿಪ್ಸ್, ಹೋಟೆಲ್ ತಿಂಡಿಗಳ ಒಳಗಿಂದ ಬರುತ್ತದೆ. ಇವುಗಳ ನಡುವಿನ ವ್ಯತ್ಯಾಸ ದೊಡ್ಡದು. ಪರ್ಯಾಪ್ತ ಕೊಬ್ಬು ತೆಂಗಿನೆಣ್ಣೆಯಲ್ಲಿ ನೂರಕ್ಕೆ ಸುಮಾರು 90, ತುಪ್ಪದಲ್ಲಿ 60ಕ್ಕೂ ಮೇಲೆ, ತಾಳೆಯೆಣ್ಣೆಯಲ್ಲಿ 50ರ ಹತ್ತಿರ, ಕಡಲೆಕಾಯಿ ಎಣ್ಣೆಯಲ್ಲಿ 20ರ ಒಳಗೆ, ಎಳ್ಳೆಣ್ಣೆಯಲ್ಲಿ 15, ಕುಸುಬೆ, ಸೂರ್ಯಕಾಂತಿಗಳಲ್ಲಿ 10ರ ಆಸುಪಾಸು. ಪರ್ಯಾಪ್ತ ಕೊಬ್ಬು ಹೆಚ್ಚಾದಷ್ಟೂ ರಕ್ತದಲ್ಲಿ ಕೆಟ್ಟದ್ದೆನ್ನುವ ಎಲ್‌ಡಿಎಲ್ ಕೊಲೆಸ್ಟರಾಲ್ ಏರುತ್ತದೆ ಎಂಬುದು ನೂರಾರು ಪ್ರಯೋಗಗಳಲ್ಲಿ ಖಚಿತವಾಗಿರುವ ಸಂಗತಿ. ಅದರ ಜಾಗಕ್ಕೆ ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ ಎಣ್ಣೆಗಳಲ್ಲಿ ಹೆಚ್ಚಾಗಿರುವ ಅಪರ್ಯಾಪ್ತ ಕೊಬ್ಬು ಬಂದರೆ ಹೃದಯಕ್ಕೆ ಲಾಭ, ಮೈದಾ ಬಂದರೆ ಲಾಭವಿಲ್ಲ ಎಂಬುದೂ ಅಷ್ಟೇ ಮುಖ್ಯ.

ಮಂಗಳೂರು ಕಡೆಯ ಹಿರಿಯರೊಬ್ಬರು ಇಲ್ಲಿ ಆಕ್ಷೇಪ ಎತ್ತಿದರು: ನಮ್ಮ ಅಜ್ಜಿ ತೆಂಗು ತಿಂದೇ ತೊಂಬತ್ತು ಬದುಕಿದರು. ನಾನು ಅದನ್ನು ಅಲ್ಲಗಳೆಯಲಿಲ್ಲ. ಶಾಂತಸಾಗರದ ಟೋಕೆಲಾವ್ ದ್ವೀಪದವರು ತಮ್ಮ ಶಕ್ತಿಯ ಅರ್ಧಕ್ಕೂ ಹೆಚ್ಚನ್ನು ತೆಂಗಿನಿಂದ ಪಡೆಯುತ್ತಿದ್ದರು, ಅವರಲ್ಲಿ ಹೃದ್ರೋಗ ಅಪರೂಪವೇ ಆಗಿತ್ತು. ಆದರೆ ಅವರು ತಿನ್ನುತ್ತಿದ್ದದ್ದು ನಾರಿನ ಸಮೇತ ತೆಂಗಿನಕಾಯಿಯನ್ನು. ಜೊತೆಗೆ ಮೀನು, ದಿನವಿಡೀ ಮೈಬಗ್ಗಿಸಿ ದುಡಿಮೆ, ಸಕ್ಕರೆ ಮೈದಾಗಳ ಸುಳಿವಿಲ್ಲ. ಅಜ್ಜಿಯ ದಿನಚರಿಯೂ ಬಹುಶಃ ಹಾಗೆಯೇ ಇತ್ತು. ಹಸಿ ಕಾಯಿತುರಿಯಲ್ಲಿ ಮೂರನೆಯ ಒಂದು ಭಾಗ ಅಥವಾ ತುಸು ಹೆಚ್ಚು ಜಿಡ್ಡಿದೆ, ಉಳಿದದ್ದು ನೀರು, ನಾರು. ಎಣ್ಣೆಯಲ್ಲಿ ಜಿಡ್ಡಲ್ಲದೆ ಬೇರೇನೂ ಇಲ್ಲ. ಕಾಯಿ ಅರೆದು ಮಾಡಿದ ಹುಳಿಗೆ ಮತ್ತೆ ತೆಂಗಿನೆಣ್ಣೆಯ ಒಗ್ಗರಣೆ, ಪಲ್ಯಕ್ಕೆ ಮೇಲಿಂದ ಕಾಯಿತುರಿ, ಚಟ್ನಿಗೂ ಕಾಯಿ ಎಂದಾದರೆ 22 ಗ್ರಾಮಿನ ಮಿತಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಕಾಯಿ ಇರಲಿ, ಒಗ್ಗರಣೆಗೆ ಎಳ್ಳೆಣ್ಣೆಯೋ ಕಡಲೆಕಾಯಿ ಎಣ್ಣೆಯೋ ಆಗಲಿ ಎಂಬುದು ನನ್ನ ರಾಜಿ ಸೂತ್ರ. ಅವರು ಒಪ್ಪಿದಂತೆ ಕಾಣಲಿಲ್ಲ.

ಹಾಗೆಂದು ಬರೀ ಸೂರ್ಯಕಾಂತಿಯನ್ನೇ ವರ್ಷವಿಡೀ ಬಳಸುವುದೂ ಸರಿಯಲ್ಲ. ಅದರಲ್ಲಿಯೂ ಕುಸುಬೆಯಲ್ಲಿಯೂ ಒಮೆಗಾ-6 ತುಂಬಿದೆ, ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಈ ಕಾರಣಕ್ಕೆ ಪೋಷಣಾ ಸಂಸ್ಥೆ ಎಣ್ಣೆಗಳನ್ನು ಬದಲಾಯಿಸುತ್ತ ಬಳಸಿ ಎನ್ನುತ್ತದೆ. ಒಮೆಗಾ-3ಕ್ಕೆ ನಮ್ಮಲ್ಲಿಯೇ ಎರಡು ಅಗ್ಗದ ದಾರಿಗಳಿವೆ. ಒಂದು ಅಗಸೆ. ಅದರ ತೂಕದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಕೊಬ್ಬು, ಆ ಕೊಬ್ಬಿನ ಅರ್ಧಕ್ಕೂ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲ. ಇಡೀ ಬೀಜ ನುಂಗಿದರೆ ಬಹುಪಾಲು ಹಾಗೆಯೇ ಹೊರಬೀಳುತ್ತದೆ; ಹುರಿದು ಕುಟ್ಟಿದ ಅಗಸಿ ಹಿಂಡಿಯನ್ನು ಜೋಳದ ರೊಟ್ಟಿಯೊಡನೆ ತಿನ್ನುವ ಉತ್ತರ ಕರ್ನಾಟಕದವರು ಪ್ರಯೋಗಾಲಯದ ನೆರವಿಲ್ಲದೆಯೇ ಸರಿಯಾದ ವಿಧಾನವನ್ನು ಕಂಡುಕೊಂಡಿದ್ದಾರೆ. ಗುರೆಳ್ಳಿನ ಹಿಂಡಿಯನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ. ರುಚಿಯಲ್ಲಿ ಅದೇ ಸಾಲು, ಆದರೆ ಅದರ ಎಣ್ಣೆ ಬಹುತೇಕ ಒಮೆಗಾ-6. ಎರಡನೆಯದು ಮೀನು ತಿನ್ನುವವರ ಬೂತಾಯಿ, ಬಂಗುಡೆ. ದೇಹ ಅಗಸೆಯಿಂದ ಅಲ್ಪ ಪ್ರಮಾಣದಲ್ಲಷ್ಟೇ ಮಾಡಿಕೊಳ್ಳಬಲ್ಲ ಉದ್ದ ಸರಪಳಿಯ ಒಮೆಗಾ-3 ಇವುಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ಕಾವಲಿಯ ಮೇಲೆ ಎಣ್ಣೆಯಲ್ಲಿ ಮುಳುಗಿಸಿ ಹುರಿಯುವುದಕ್ಕಿಂತ ಪುಳಿಮುಂಚಿ ಮಾಡಿದರೆ ಮೀನಿನ ಎಣ್ಣೆ ಸಾರಿನಲ್ಲಿಯೇ ಉಳಿಯುತ್ತದೆ.

ಪೊಟ್ಟಣದ ಮೇಲೆ 'ಕೊಲೆಸ್ಟರಾಲ್ ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆದ ಎಣ್ಣೆಗೆ ನಾಲ್ಕು ಕಾಸು ಹೆಚ್ಚು ಕೊಡುವವರಿಗೆ ಒಂದು ಮಾತು. ಕೊಲೆಸ್ಟರಾಲ್ ಗಣನೀಯವಾಗಿ ಇರುವುದು ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ. ಯಾವ ಬೀಜದ ಎಣ್ಣೆಯಲ್ಲಿಯೂ ಅದು ಎಂದೂ ಇರಲಿಲ್ಲ. ಬಾಳೆಹಣ್ಣಿನ ಮೇಲೆ 'ಮೂಳೆಯಿಲ್ಲ' ಎಂದು ಬರೆದ ಹಾಗೆ.

ವನಸ್ಪತಿಯ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಕಿಲ್ಲ. ದ್ರವರೂಪದ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ತುಪ್ಪದಂತೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸುವುದರ ಜೊತೆಗೆ ಎಚ್‌ಡಿಎಲ್ ಇಳಿಸುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದರ ಮಿತಿಯನ್ನು 2021ರಲ್ಲಿ ಶೇಕಡ 3ಕ್ಕೂ 2022ರ ಜನವರಿಯಿಂದ ಶೇಕಡ 2ಕ್ಕೂ ಇಳಿಸಿದೆ. ಇದು ದೊಡ್ಡ ಗೆಲುವು. ಉಳಿದಿರುವ ಅಪಾಯ ಬಾಣಲೆಯದು. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದು ಒಡೆದು ಕಹಿಯಾದ, ಕಪ್ಪು ಬಣ್ಣದ, ನೊರೆಯೇಳುವ ಬೇರೆಯೇ ವಸ್ತುವಾಗುತ್ತದೆ. ಹಾಗೆ ಕೆಟ್ಟ ಅಂಶ ಶೇಕಡ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರಿಂದ ಇದೆ. ರಸ್ತೆ ಬದಿಯ ಬಾಣಲೆಗೆ ಮೀಟರು ಹಿಡಿದು ಹೋಗಲಾಗದು, ಬಣ್ಣವನ್ನು ನೋಡಬಹುದು.

ಚಿಕ್ಕ ಮಕ್ಕಳಿಗೆ ಇಲ್ಲಿ ಹೇಳಿದ ಮಿತಿ ಅನ್ವಯಿಸುವುದಿಲ್ಲ. ತಾಯಿಯ ಹಾಲಿನ ಶಕ್ತಿಯಲ್ಲಿ ಅರ್ಧದಷ್ಟು ಕೊಬ್ಬಿನಿಂದಲೇ ಬರುತ್ತದೆ, ಮಿದುಳು ಬೆಳೆಯುವ ಆ ವಯಸ್ಸಿಗೆ ಅದು ಬೇಕು. ಎರಡು ವರ್ಷದೊಳಗಿನ ಮೊಮ್ಮಗುವಿನ ಅನ್ನಕ್ಕೆ ಹಾಕುವ ತುಪ್ಪವನ್ನು ಅಜ್ಜನ ಕೊಲೆಸ್ಟರಾಲ್ ನೋಡಿ ಕಡಿಮೆ ಮಾಡಬೇಡಿ.

ಇನ್ನು ಶೀರ್ಷಿಕೆಯ ಪ್ರಶ್ನೆ. ದಿನದ ಎಣ್ಣೆಯನ್ನು ಚಮಚದಲ್ಲಿ ಅಳೆಯಿರಿ ಎಂದು ಹೇಳುವುದು ಸುಲಭ, ಯಾರೂ ಅಳೆಯುವುದಿಲ್ಲ. ಒಗ್ಗರಣೆಗೆ ಕೈ ತಾನಾಗಿಯೇ ಬಗ್ಗುತ್ತದೆ. ಅಳತೆ ತಿಂಗಳದ್ದಾಗಿರಲಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಪೊಟ್ಟಣದ ಮೇಲೆಯೇ ಬರೆದಿರುತ್ತದೆ. ದಿನಕ್ಕೆ 27 ಗ್ರಾಮಿನಂತೆ ತಿಂಗಳಿಗೆ ಒಬ್ಬರಿಗೆ 810 ಗ್ರಾಂ, ಅಂದರೆ ಒಂದು ಲೀಟರಿಗೆ ತುಸು ಕಡಿಮೆ. ನಾಲ್ಕು ಜನರ ಮನೆಗೆ ಮೂರೂವರೆ ಲೀಟರ್. ಇಬ್ಬರೇ ಇರುವ, ಹೆಚ್ಚು ಓಡಾಟವಿಲ್ಲದ ವಯಸ್ಸಾದವರ ಮನೆಗೆ ಒಂದೂವರೆ ಸಾಕು, ಏಕೆಂದರೆ ಅವರಿಗೆ 2000 ಕ್ಯಾಲೊರಿಯೂ ಬೇಕಾಗುವುದಿಲ್ಲ. ಈ ಅಳತೆಯಲ್ಲಿ ತುಪ್ಪ, ಬೆಣ್ಣೆಗಳೂ ಸೇರಿವೆ. ವಾರಕ್ಕೆರಡು ಸಲ ಹೋಟೆಲಿಗೆ ಹೋಗುವವರು ಅದಕ್ಕೂ ಒಂದಿಷ್ಟು ಕಳೆಯಬೇಕು. ಹೋಳಿಗೆಗೆ ತುಪ್ಪ ಹಾಕಿಕೊಳ್ಳಬಹುದೇ ಎಂದು ಕೇಳಿದವರಿಗೂ ಉತ್ತರ ಇದರಲ್ಲಿದೆ. ಊಟದ ಚಮಚದಲ್ಲಿ ಒಂದು ಚಮಚ ತುಪ್ಪ ಎಂದರೆ 13 ಗ್ರಾಂ, ಅದರಲ್ಲಿ 8 ಗ್ರಾಂ ಪರ್ಯಾಪ್ತ. ಹಬ್ಬಕ್ಕೆ ಹಾಕಿಕೊಳ್ಳಿ, ಅಂದು ರಾತ್ರಿ ಪೂರಿ ಬೇಡ.

ನಮ್ಮ ಮನೆಯಲ್ಲಿ ಈ ಲೆಕ್ಕ ಆರಂಭಿಸಿದಾಗ ಪೊಟ್ಟಣ ಒಡೆದ ದಿನಾಂಕವನ್ನು ಎಣ್ಣೆ ಡಬ್ಬಿಯ ಮೇಲೆ ಚೀಟಿ ಅಂಟಿಸಿ ಬರೆದಿಟ್ಟೆವು. ಇಬ್ಬರಿಗೆ ತಿಂಗಳಿಗೆ ಮೂರು ಲೀಟರ್ ಬಂತು. ಕರಿದದ್ದು ಒಂದೇ ಸಲ, ಹಪ್ಪಳ. ಮತ್ತೆ ಅಷ್ಟು ಎಣ್ಣೆ ಎಲ್ಲಿಗೆ ಹೋಯಿತೆಂದು ಒಂದು ವಾರ ಗಮನಿಸಿದಾಗ ಗೊತ್ತಾಯಿತು: ಚಟ್ನಿಗೆ, ಪಲ್ಯಕ್ಕೆ, ಸಾರಿಗೆ, ಮೊಸರನ್ನಕ್ಕೆ ಎಂದು ದಿನಕ್ಕೆ ನಾಲ್ಕು ಒಗ್ಗರಣೆ, ಪ್ರತಿಯೊಂದಕ್ಕೂ ಸೌಟು ಅರ್ಧ ತುಂಬುವಷ್ಟು. ಈಗ ಬೆಳಿಗ್ಗೆ ಒಂದೇ ಒಗ್ಗರಣೆ ಮಾಡಿ ಬಟ್ಟಲಿಗೆ ತೆಗೆದಿಡುತ್ತೇವೆ, ಬೇಕಾದಲ್ಲಿ ಒಂದೊಂದು ಚಮಚ ಹಾಕಿಕೊಳ್ಳುತ್ತೇವೆ. ಕಳೆದ ತಿಂಗಳ ಚೀಟಿಯ ಪ್ರಕಾರ ಒಂದು ಮುಕ್ಕಾಲು ಲೀಟರ್.